ಎರಡು ಚಿಲಕದ ಬಾತಿನ ಗೂಡು

ನಮ್ಮ ಮಾವನವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದಾಗ ಬೋಗಿಯ ಬಾಗಿಲಿಗೆ ಸಿಕ್ಕಿ ಹೋದದ್ದು. ಆ ಬೋಳು ಬೆರಳೇ ಅವರ ಅಳತೆಗೋಲು. ಪುರಸೈವಾಕ್ಕಂನಲ್ಲಿ ಕೋಳಿ ಜಾಲರಿ ತೋರಿಸಿದ ಅಂಗಡಿಯವನ ಎದುರೇ ಅದರ ಕಣ್ಣಿಗೆ ಬೆರಳು ತೂರಿಸಿ, ಎರಡೇ ಎಳೆತಕ್ಕೆ ತಂತಿಯನ್ನು ಹಿಗ್ಗಿಸಿ, “ಇದು ಕೋಳಿ ಹೊರಗ ಹೋಗಲಾರದಂಗ ತಡೀತದ. ಒಳಗ ಬರೋರ್ನ ತಡಿಯೂದಿಲ್ಲ” ಎಂದು ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರು. ತಮಿಳು ಬರುತ್ತಿರಲಿಲ್ಲವೆಂದಲ್ಲ, ಮೂವತ್ತು ವರ್ಷ ಚೆನ್ನೈಯಲ್ಲೇ ಕಳೆದವರು. ಬೈಯುವುದಕ್ಕೆ ಮಾತ್ರ ಅವರಿಗೆ ತಾಯಿನುಡಿಯೇ ಬೇಕಿತ್ತು.

ತಾಂಬರಂನ ನಮ್ಮ ಹಿತ್ತಲಿನ ಗೋಡೆಯಾಚೆ ಕೆರೆಯಂಗಳದ ಪೊದೆ. ಮುಂಗುಸಿ, ಹೆಗ್ಗಣ, ಬೀದಿನಾಯಿ ಯಾವುದಕ್ಕೂ ಕೊರತೆಯಿಲ್ಲ. ತಮ್ಮ ಏಳು ಬಾತುಗಳಿಗೆ ಮಾವನವರು ಒಂದು ಗೂಡು ಕಟ್ಟಿದರು. ಬೆಸುಗೆ ಹಾಕಿದ ದಪ್ಪ ತಂತಿಯ ಸಣ್ಣಕಣ್ಣಿನ ಜಾಲರಿ, ಯಾರೂ ಕೆರೆದು ನುಗ್ಗದಂತೆ ನೆಲದೊಳಕ್ಕೂ ಒಂದೂವರೆ ಅಡಿ, ಮೇಲೆ ತಗಡು, ಬಾಗಿಲಿಗೆ ಎರಡು ಚಿಲಕ. “ನಮ್ಮನೆಗಿಂತ ಅದೇ ಭದ್ರ” ಎಂದು ನನ್ನ ಗಂಡ ನಗುತ್ತಿದ್ದರು, ಅಪ್ಪ ಎದುರಿಗಿಲ್ಲದಾಗ.

ನಾನು ಮಂಡ್ಯದ ಕಡೆಯವಳು, ಬ್ಯಾಂಕಿನ ಕೆಲಸದವಳು. ಕೋಳಿ ಸಾಕಿ ಗೊತ್ತಿತ್ತು. ಹೊತ್ತು ಮುಳುಗಿದರೆ ಕೋಳಿ ತಾನಾಗಿ ಗೂಡು ಸೇರುತ್ತದೆ. ಬಾತು ಸೇರುವುದಿಲ್ಲ, ಅಟ್ಟಬೇಕು. ಗೂಡು ಕಟ್ಟಿದ ಹೊಸತರಲ್ಲಿ ಅವು ತಾವಾಗಿ ಒಳಹೋದಾವೆಂದು ಬಾಗಿಲು ಹಿಡಿದು ನಿಂತಿದ್ದೆ. “ಬಾತಿಗೆ ಹೇಳದ ಹೊರತು ತಿಳಿಯೂದಿಲ್ಲವ್ವಾ, ನಿನ್ನಂಗ” ಎಂದರು ಮಾವನವರು. ಬಂದ ನೆಂಟರಿಗೆಲ್ಲ ಇದನ್ನೇ ಹೇಳಿ ನಗಿಸಿದರು, ವರ್ಷಗಟ್ಟಲೆ. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಅವರ ಕೈಯೂ ಬಾಯಿಯಷ್ಟೇ ಒರಟು. ಗೂಡು ಕಟ್ಟುವ ಮೊದಲು ನಾಯಿಯೊಂದು ಬಾತನ್ನು ಕಚ್ಚಿ ಅರೆಜೀವ ಮಾಡಿತ್ತು. ಮಾವನವರು ಚಹಾದ ಲೋಟ ಕೆಳಗಿಟ್ಟು ಹೋಗಿ ಆ ಬಾತಿನ ಕತ್ತು ತಿರುವಿದರು. ಕೈ ತೊಳೆದು ಬಂದು ಉಳಿದ ಚಹಾ ಕುಡಿದರು. “ನರಳಿಸಬಾರದು” ಎಂದಷ್ಟೇ ಹೇಳಿದರು.

ಅವರದೊಂದು ವರ್ಕ್‌ಶಾಪಿನ ಕಟ್ಟಳೆಯಿತ್ತು. “ಖಾಲಿ ಬೋಗಿ ಇರ್ಲಿ, ಬಾತಿನ ಗೂಡಿರ್ಲಿ, ಬಾಗಲಾ ಹಾಕೋಕಿಂತ ಮೊದಲ ಒಳಗ ಇಣಿಕಿ ನೋಡಬೇಕು.” ದಿನಾ ಸಂಜೆ ಮಂಡಿಯೂರಿ, ಟಾರ್ಚ್ ಬಿಟ್ಟು, ಒಳಗೆ ಹಾಸಿದ ಹುಲ್ಲನ್ನು ಕೋಲಿನಿಂದ ಕೆದಕಿ ನೋಡಿಯೇ ಬಾತುಗಳನ್ನು ಒಳಗೆ ಬಿಡುತ್ತಿದ್ದರು. ನನಗದು ಮುದುಕರ ಚಟದಂತೆ ಕಂಡಿತ್ತು.

ಒಂದು ಮೇ ತಿಂಗಳಲ್ಲಿ ಕಣ್ಣಿನ ಪೊರೆ ತೆಗೆಸಲು ಅವರು ಆಸ್ಪತ್ರೆ ಸೇರಿದರು. ಗೂಡಿನ ಜವಾಬ್ದಾರಿ ನನಗೆ. ಎಲೆಕ್ಟ್ರಿಕ್ ಟ್ರೇನಿನಲ್ಲಿ ಜೋತಾಡಿಕೊಂಡು ಬಂದವಳು ಬ್ಯಾಗನ್ನೂ ಇಳಿಸದೆ ಬಾತುಗಳನ್ನು ಅಟ್ಟಿದೆ. ಅವು ಬಾಗಿಲಲ್ಲೇ ನಿಂತವು. ಕತ್ತು ಚಾಚಿ ಅರಚಿದವು, ಹಿಂದಕ್ಕೆ ನುಗ್ಗಿದವು. ನನಗೆ ರೇಗಿತು. ಕೋಲಿನಿಂದ ತಿವಿದು ಆರನ್ನು ತಳ್ಳಿದೆ, ಏಳನೆಯದನ್ನು ಕೈಯಲ್ಲಿ ಹಿಡಿದು ಒಳಗೆ ಎಸೆದೆ. ಎರಡು ಚಿಲಕವನ್ನೂ ಮರೆಯದೆ ಹಾಕಿದೆ. ಆಮೇಲೂ ಅರಚಿದವು. ನಾನು ಟಿವಿಯ ಸದ್ದು ಏರಿಸಿದೆ.

ಬೆಳಗ್ಗೆ ನೋಡಿದರೆ ಏಳೂ ಸತ್ತಿದ್ದವು. ಮೂಲೆಯಲ್ಲಿ, ಹುಲ್ಲಿನ ಮೇಲೆ, ಬಾಯೆಲ್ಲ ರಕ್ತವಾಗಿದ್ದ ಮುಂಗುಸಿಯೊಂದು ಕೂತಿತ್ತು. ಹಗಲು ತೆರೆದಿದ್ದ ಬಾಗಿಲಿನಿಂದ ಬಂದು ಹುಲ್ಲಿನಲ್ಲಿ ಅಡಗಿತ್ತು. ಯಾರೂ ಒಳನುಗ್ಗಲಾಗದ ಗೂಡಿನಿಂದ ಅದಕ್ಕೆ ಹೊರಗೂ ಹೋಗಲಾಗಿರಲಿಲ್ಲ.

ಅಷ್ಟು ಹೊತ್ತಿಗೆ, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಮಾವನವರನ್ನು ಗಂಡ ಆಸ್ಪತ್ರೆಯಿಂದ ಕರೆತಂದರು. ಅವರು ಉಳಿದೊಂದು ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಒಂದು ಕುರ್ಚಿ ತರಿಸಿ ಗೂಡಿನೆದುರು ಕೂತರು.

“ಮಾವ, ಅದನ್ನ ಬಿಟ್ಟುಬಿಡೋಣ್ವಾ?” ಎಂದೆ.

“ಒಳಗ ಹಾಕಿ ಚಿಲಕಾ ಹಾಕಿದಾಕಿ ನೀನು. ನಾ ಯಾಕ ತೆಗೀಲಿ? ತೆಗೀಬೇಕಂದ್ರ ನೀನೇ ತೆಗಿ.”

ತೆಗೆಯಲು ಎರಡು ಬೆರಳು ಸಾಕಿತ್ತು. ಆದರೆ ನಾನು ಯೋಚಿಸಿದ್ದು ನೆಂಟರನ್ನು. ಸೊಸೆಯೇ ಮುಂಗುಸಿಯನ್ನು ಒಳಗೆ ಹಾಕಿದಳು, ಊಟ ಮುಗಿದ ಮೇಲೆ ಸೊಸೆಯೇ ಬಿಟ್ಟು ಕಳಿಸಿದಳು ಎಂದು ಇವರು ಹೇಳಿಕೊಂಡು ತಿರುಗುತ್ತಾರೆ. ಆಫೀಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ತಗಡಿನ ಮಾಡು, ಮೇ ತಿಂಗಳ ಬಿಸಿಲು, ಒಳಗೆ ತೊಟ್ಟು ನೀರಿಲ್ಲ. ಸಂಜೆ ಬಂದಾಗ ಜಾಲರಿ ಕೆರೆಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಮಾವನವರು ಕುರ್ಚಿಯಲ್ಲೇ ಇದ್ದರು, ನನ್ನನ್ನು ನೋಡಿದರು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಮರುದಿನ ಸಂಜೆ ಸದ್ದು ಬಹಳ ಮೆಲ್ಲಗಿತ್ತು. ಮೂರನೆಯ ಬೆಳಗ್ಗೆ ಇರಲಿಲ್ಲ. ಮಾವನವರೇ ಅದನ್ನು ಎಳೆದು ತೆಗೆದರು. ಮೊಲೆಯುಣಿಸುತ್ತಿದ್ದ ಹೆಣ್ಣು.

ತಿಂಗಳೊಳಗೆ ಹೊಸ ಬಾತುಗಳು ಬಂದವು. ಸಂಜೆಯ ಕೆಲಸ ನನ್ನದಾಯಿತು. ಟಾರ್ಚ್ ಹಿಡಿದು ಮಂಡಿಯೂರಿ ಇಣುಕುವುದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ನೆಂಟರು ಬಂದರು, ಹೋದರು. ಮುಂಗುಸಿಯ ಮಾತನ್ನು ಮಾವನವರು ಯಾರ ಮುಂದೆಯೂ ಎತ್ತಲಿಲ್ಲ. ಬಾತಿನ ಹಳೆಯ ತಮಾಷೆಯನ್ನೂ ಬಿಟ್ಟರು. ನನ್ನನ್ನು ಹಂಗಿಸುವುದನ್ನೇ ನಿಲ್ಲಿಸಿದರು. ಕ್ಷಮಿಸಿದ್ದಾರೆ ಎಂದುಕೊಂಡೆ. ನೆಮ್ಮದಿಯಾಗಿಯೂ ಇದ್ದೆ, ಐದು ವರ್ಷ.

ಕಳೆದ ವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಗಂಜಿ ಕುಡಿಸುತ್ತಿದ್ದೆ. ಮೂಗಿನ ಮಾಸ್ಕ್ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದರು.

“ಆವತ್ತ ನೀ ಚಿಲಕಾ ತೆಗೀತಿ ಅಂತ ಅನಕೊಂಡಿದ್ದೆ. ತೆಗದಿದ್ರ ಒಂದ ಮಾತೂ ಅಂತಿದ್ದಿಲ್ಲ. ಎರಡು ದಿನ ಕುಂತು ಕಾದೆ.”

“ನೀವೇ ತೆಗೀಬಹುದಿತ್ತಲ್ಲ ಮಾವ” ಎಂದೆ. ನನ್ನ ದನಿ ಏರಿತ್ತು. ಪಕ್ಕದ ಮಂಚದವರು ತಿರುಗಿ ನೋಡಿದರು.

“ನಾ ಕೆಟ್ಟಾವ. ಅದು ಎಲ್ಲಾರಿಗೂ ಗೊತ್ತದ. ನೀ ಎಂಥಾಕಿ ಅಂತ ನೋಡಬೇಕಿತ್ತು.”

ಚಮಚವನ್ನು ಮತ್ತೆ ತುಟಿಯ ಹತ್ತಿರ ಹಿಡಿದೆ. ಅವರು ಬಾಯಿ ತೆರೆಯಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು. ಅಲ್ಲಿಯವರೆಗೂ ನನ್ನ ಕೈಯಿಂದ ಒಂದು ಗುಟುಕನ್ನೂ ತೆಗೆದುಕೊಳ್ಳಲಿಲ್ಲ.