ಮೊಳೆಯಿಲ್ಲದ ಗುಡಿಯಲ್ಲಿ ಅಪ್ಪ

"ಡಿಗ್ರಿ ಗಿಗ್ರಿ ಎಲ್ಲಾ ನಮ್ಮ ಮನೇಲಿ ಆಗೋ ಮಾತಲ್ಲ ಮಗಳೇ" ಎಂದವರು ಬೇರೆ ಯಾರೂ ಅಲ್ಲ, ನೈರೋಬಿಯ ಎಂಬಕಸಿ ಬಡಾವಣೆಯಲ್ಲಿ ಮೂವತ್ತು ವರ್ಷದಿಂದ ಬಡಗಿ ಕೆಲಸ ಮಾಡುತ್ತಿರುವ ನಮ್ಮಪ್ಪ. ಆ ಅಪ್ಪನನ್ನೇ ಜಪಾನಿಗೆ ಕರೆಸಿಕೊಂಡು, ನಿನ್ನೆ ಅವರ ಕಣ್ಣೆದುರೇ ಎಂಜಿನಿಯರಿಂಗ್ ಪದವಿ ಪಡೆದೆ. ಸರ್ಟಿಫಿಕೇಟ್ ಕೈಗಿಡಲು ಹೋದರೆ "ಬ್ಯಾಗಲ್ಲೇ ಇರ್ಲಿ" ಎಂದರು, ಮುಟ್ಟಲಿಲ್ಲ. ಅವರ ಮಾತು ಮೀರಿ ಓದಿದ್ದಕ್ಕೆ ಇನ್ನೂ ಸಿಟ್ಟಿದೆ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಇಲ್ಲಿನ ಹಳೆಯ ಶಿಂಟೋ ಗುಡಿಗೆ ಬಂದೆವು. ಪ್ರವೇಶದಲ್ಲೇ ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ಅಪ್ಪ ತೀರ್ಥವೆಂದು ಒಂದು ಗುಟುಕು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು. ಪಕ್ಕದಲ್ಲಿದ್ದ ಜಪಾನಿ ಅಜ್ಜಿ ನಕ್ಕು, ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಬೇಕೆಂದು ತೋರಿಸಿಕೊಟ್ಟರು.

"ಅಸಾಂಟೆ, ಅಜ್ಜಿ" ಎಂದು ಅಪ್ಪ ನೈರೋಬಿಯ ರೂಢಿಯಲ್ಲೇ ಕೃತಜ್ಞತೆ ಹೇಳಿದರು.

ಗುಡಿಯ ಮುಂದೆ ಅವರು ಕಂಬ, ತೊಲೆ ಸೇರುವ ಸಂದುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. "ಒಂದು ಮೊಳೇನೂ ಕಾಣಲ್ವಲ್ಲೇ!" ಎಂದರು.

ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಹೊಸ ಮರದಲ್ಲಿ, ಅದೇ ಅಳತೆಗೆ, ಹಳೆಯ ಬಡಗಿಗಳು ಹೊಸಬರಿಗೆ ಕಲಿಸುತ್ತಾ ಮತ್ತೆ ಕಟ್ಟುತ್ತಾರೆ, ಸಾವಿರ ವರ್ಷದಿಂದ ಹೀಗೇ ನಡೆದುಬಂದಿದೆ ಎಂದೆ.

"ಸಾವಿರ ವರ್ಷದಿಂದ ಹೀಗೇನಾ?"

"ಹೂಂ ಅಪ್ಪ."

ಎಲ್ಲಿ ಮರ ಕಂಡರೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವ ಮನುಷ್ಯ ಕೈಕಟ್ಟಿ ನಿಂತಿದ್ದರು.

ಆಮೇಲೆ ತಾವಾಗಿಯೇ ತೊಟ್ಟಿಗೆ ಹಿಂದಿರುಗಿದರು. ಎಡಗೈ, ಬಲಗೈ, ವಾರ್ನಿಷ್ ಕಲೆ ಹೋಗದ ಉಗುರುಗಳು, ಎಲ್ಲವನ್ನೂ ಮತ್ತೊಮ್ಮೆ ತೊಳೆದು ಕರವಸ್ತ್ರದಲ್ಲಿ ಒರೆಸಿಕೊಂಡರು.

"ಈಗ ಕೊಡು" ಎಂದರು.

ಸರ್ಟಿಫಿಕೇಟ್ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿನ್ನೆ ಈ ಕೈಯಲ್ಲಿ ಮುಟ್ಟೋಕೆ ಭಯ ಆಯ್ತು ಕಣಮ್ಮ."