ಅಂಕಲ್ ಅಂದ್ರ ಯಾರು

ಭೂಕಂಪದಾಗ ಮನಿ ಬಿದ್ದು ನಮ್ಮಣ್ಣ ಉಮರ್ಗಾದ ಹತ್ತಿರ ತಗಡಿನ ಪತ್ರಾದ ಶೆಡ್ಡಿನ್ಯಾಗ ಇದ್ದ. ಆದ್ರೂ ನನ್ನ ಮಗಳ ಜಾವಳಕ್ಕ ಹೊಸ ಅಂಗಿ ತಂದಿದ್ದ. ಅವನ ತೊಡಿ ಮ್ಯಾಲ ಕೂಡಿಸೇ ಆಕಿ ಮೊದಲನೇ ಕೂದಲ ತೆಗೆಸಿದಿವಿ. ಸೋದರಮಾವನ ತೊಡಿ ಇಲ್ಲದ ಜಾವಳ ನಮ್ಮಲ್ಲಿ ನಡ್ಯೂದಿಲ್ಲ.

ಮುಂದ ಆಕಿ ಇಂಗ್ಲಿಷ್ ಸಾಲಿ ಸೇರಿದ ಮ್ಯಾಲ ಅಣ್ಣ ಉದಗೀರಕ್ಕ ನಮ್ಮ ಮನಿಗೆ ಬಂದ. ಮಗಳು ಬಾಗಿಲದಾಗ ನಿಂತು, "ಮಮ್ಮಿ, ಯಾರೋ ಅಂಕಲ್ ಬಂದಾರ" ಅಂದಳು. ಹಾಲಿನಂವಗೂ ಹಂಗ ಅಂತಿದ್ದಳು, ಕಲಿಸಿದಾಕಿ ನಾನ. ನನ್ನ ಮಾರಿ ಕೆಳಗಾತು. ಅಣ್ಣ ನಕ್ಕ: "ಸೊಸಿ ಇಂಗ್ಲಿಷ್ ಮಾತಾಡ್ತಾಳಲ್ಲ!"

ಮೊನ್ನೆ ಡಿಕ್ಷನರಿ ನೋಡಿದೆ. ಆ ಶಬ್ದ ಹುಟ್ಟಿದ್ದು ತಾಯಿಯ ಅಣ್ಣತಮ್ಮ ಅನ್ನೂ ಲ್ಯಾಟಿನ್ ಮಾತಿನಿಂದ. ಅಪ್ಪನ ಕಡಿ ಕಾಕಾಗ ಸುದ್ದಾ ಆ ಲ್ಯಾಟಿನ್ ಮಾತು ಸಲ್ಲೂದಿಲ್ಲ. ಪರದೇಶದ ಶಬ್ದಕ್ಕೂ ನಮ್ಮಣ್ಣ ಯಾರಂತ ಗೊತ್ತಿತ್ತು. ನನ್ನ ಮಗಳಿಗೆ ಹೆಂಗ ಗೊತ್ತಾಗಬೇಕು? ಆ ಶೆಡ್ಡಿಗೆ ನಾ ಆಕಿನ್ನ ಒಮ್ಮೆನೂ ಕರಕೊಂಡು ಹೋಗಿರಲಿಲ್ಲ.