ಪಕ್ಕದ ಮನೆಯ ಉತ್ತರ

ಮನೆಯಲ್ಲಿದ್ದುಕೊಂಡೇ ಇಲ್ಲದಂತಿರುವುದೂ ಒಂದು ಲಲಿತಕಲೆ. ನಡುವೆ ಕೆಮ್ಮು ಬಂದರೆ ಮಾತ್ರ ಕೆಡುತ್ತದೆ. ನಿನ್ನೆ ಸೇಡಮಿನ ನಮ್ಮ ಮನೆಯ ಬಾಗಿಲನ್ನು ಯಾರೋ ಬಡಿದಾಗ ಕಿಟಕಿಯ ಸಂದಿಯಿಂದ ನೋಡಿದೆ. ಬಗಲಲ್ಲಿ ಫಾರಂಗಳ ಕಟ್ಟು ಹಿಡಿದ ಹುಡುಗಿ, ಆರೋಗ್ಯ ಸಮೀಕ್ಷೆಯವಳು. ನಾನು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡೆ. "ಒಂದು ಕಾಲಕ್ಕ ನೀವೂ ಇದೇ ಕೆಲಸ ಮಾಡಿದವರು, ನಾಚಿಕಿ ಬರಂಗಿಲ್ಲೇನ್ರಿ?" ಎಂದು ಹೆಂಡತಿ ಪಿಸುಗುಟ್ಟಿದಳು. ಬಂತು, ಬಾಗಿಲ ತನಕ ಹೋಗುವಷ್ಟು ಬರಲಿಲ್ಲ.

ಹೌದು ಮಹಾಶಯರೇ, ನಾನೂ ಫಾರಂ ಹೊತ್ತು ತಿರುಗಿದವನೇ. ಮೊದಮೊದಲು ಜನ ಎಂಥ ಉದಾರಿಗಳೆಂದರೆ, ಕುಂಚಾವರಂ ಕಡೆಯ ಹಳ್ಳಿಗಳಲ್ಲಿ ಮನೆಮಂದಿಯ ಹೆಸರು ಕೇಳಿದರೆ ಕನ್ನಡಕ್ಕೆ ತೆಲುಗು ಬೆರೆಸಿ ಎಮ್ಮೆಯ ವಂಶಾವಳಿಯನ್ನೂ ಬರೆಸುತ್ತಿದ್ದರು. ಒಂದು ಬಟ್ಟಲು ಮಂಡಕ್ಕಿಯ ಸುಸಲಾ ತಿನ್ನದೆ ಮುಂದಿನ ಪ್ರಶ್ನೆಗೆ ಅನುಮತಿಯಿರಲಿಲ್ಲ. ವರ್ಷ ಕಳೆದಂತೆ ಸುಸಲಾ ಹೋಗಿ ಚಹಾ ಬಂತು, ಚಹಾ ಹೋಗಿ ನೀರು ಬಂತು, ಕೊನೆಗೆ ಮುಚ್ಚಿದ ಬಾಗಿಲ ಹಿಂದಿನಿಂದ "ಮನ್ಯಾಗ ಯಾರೂ ಇಲ್ರಿ" ಎಂಬ ದನಿಯಷ್ಟೇ ಉಳಿಯಿತು. ಯಾರೂ ಇಲ್ಲದ ಮನೆಯಲ್ಲಿ ಆ ದನಿ ಯಾರದೆಂದು ಕೇಳುವ ಕಾಲಂ ನಮ್ಮ ಫಾರಂನಲ್ಲಿರಲಿಲ್ಲ.

ಶಹಾಬಾದದ ಕಲ್ಲುಗಣಿಯ ಓಣಿಯಲ್ಲೂ ಅದೇ ಕತೆ. ನೆಲಕ್ಕೆ ಹಾಸುವ ಪರ್ಸಿ ಕಲ್ಲು ಕಡಿಯುವವರ ಎದೆರೋಗದ ಸಮೀಕ್ಷೆ ಅದು. ಕೆಮ್ಮುವವರು ಹೆಚ್ಚೆಂದು ಕಂಡರೆ ವಾರಕ್ಕೊಮ್ಮೆ ಓಣಿಗೇ ಡಾಕ್ಟರರು ಬರುವವರಿದ್ದರು. ಕಲ್ಲು ಕಡಿದೂ ಕಡಿದೂ ಹಾಸಿಗೆ ಹಿಡಿದವನೊಬ್ಬನ ಹೆಂಡತಿ ಹುಸೇನಬಿ ಅರ್ಧ ಬಾಗಿಲು ತೆರೆದು, "ಹೋದ ಸಲಾನೂ ಬರಕೊಂಡ ಹೋದ್ರಿ, ಏನಾತ್ರಿ? ಸಾಕು, ಹೋಗ್ರಿ" ಎಂದು ಬಾಗಿಲು ಹಾಕಿಕೊಂಡಳು. ಒಳಗಿನ ಕೆಮ್ಮು ಓಣಿಗೆಲ್ಲ ಕೇಳುತ್ತಿತ್ತು. ಆದರೆ ಉತ್ತರ ಕೊಡದವರ ಕೆಮ್ಮನ್ನು ಬರೆಯುವಂತಿಲ್ಲ, ಖಾಲಿ ಫಾರಂ ಒಯ್ದರೆ ಸಾಹೇಬರು ಬಿಡುವುದಿಲ್ಲ. ಹೀಗಾಗಿ ನಮ್ಮೊಳಗೊಂದು ರೂಢಿಯಿತ್ತು: ಮುಚ್ಚಿದ ಮನೆಗೆ ಬದಲಾಗಿ ಪಕ್ಕದ ತೆರೆದ ಮನೆಯ ಉತ್ತರ ಬರೆಯುವುದು. ಪಕ್ಕದವನು ಕಿರಾಣಿ ಅಂಗಡಿಯ ಶರಣಪ್ಪ. ತೂಕದ ಕಲ್ಲು ಬಿಟ್ಟರೆ ಬೇರೆ ಕಲ್ಲು ಮುಟ್ಟದವನು, ಗುಂಡುಕಲ್ಲಿನಂತಿದ್ದ. "ಕುಂದ್ರಿ ಸರ, ಬರಕೋರಿ, ನಾವು ಭಾಳ ಛಲೋ ಇದ್ದೀವಿ" ಎಂದ. ಬರಕೊಂಡೆ. ಓಣಿಯುದ್ದಕ್ಕೂ ಹೀಗೆ ಆರೋಗ್ಯ ಹಂಚುತ್ತ ಹೋದೆ. ನನ್ನ ಸಾಹಿತ್ಯಕೃಷಿಯ ಪ್ರಾರಂಭ ಅಲ್ಲಿಯೇ ಎನ್ನಬೇಕು.

ವರದಿಯ ಪ್ರಕಾರ ಆ ಓಣಿ ನಿರೋಗಿ. ಡಾಕ್ಟರರು ಬರಲಿಲ್ಲ. ಮರುವರ್ಷ ಬೇರೊಂದು ಫಾರಂ ಹಿಡಿದು ಹೋದಾಗ ಹುಸೇನಬಿ ಬಾಗಿಲನ್ನು ಪೂರ್ತಿ ತೆರೆದಳು. ಒಳಗೆ ಕೆಮ್ಮಿರಲಿಲ್ಲ, ಗಂಡ ತೀರಿಕೊಂಡಿದ್ದ. "ಈಗ ಬರ್ರಿ, ಏನ್ ಬರಕೋತೀರಿ ಬರಕೋರಿ" ಎಂದಳು. ಡಾಕ್ಟರರು ಬಂದಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ, ನನಗೆ ತಿಳಿಯದು. ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿನ್ನೆ ಗೋಡೆಗೊರಗಿ ಇದನ್ನೆಲ್ಲ ನೆನೆಯುತ್ತಿರುವಾಗಲೇ ಹೊರಗೆ ಪಕ್ಕದ ಮನೆಯ ಮಾಸ್ತರರ ದನಿ ಕೇಳಿಸಿತು: "ಅವರಿಗೇನ್ ಧಾಡಿ ಆಗ್ಯಾದವ್ವ, ಗಟ್ಟಿ ಅದಾರ, ಹಂಗೇ ಬರಕೋ!" ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿದೆ. "ಬಾ ತಂಗಿ, ಒಳಗ ಬಂದು ಕುಂದ್ರು, ನಂದು ನನ್ನನ್ನೇ ಕೇಳು. ಮತ್ತ ಯಾರ ಬಾಗಲಾ ತೆಗೀಲಿಲ್ಲೋ, ಅವರದು 'ತೆಗೀಲಿಲ್ಲ' ಅಂತನೇ ಬರಿ. ಬಾಜೂ ಮನಿದು ಬರೀಬ್ಯಾಡ" ಎಂದೆ.

ಹುಡುಗಿ ಕುಳಿತು ಪೆನ್ನು ತೆಗೆದಳು. ಅವಳು ಮೊದಲ ಪ್ರಶ್ನೆ ಕೇಳುವ ಮುನ್ನವೇ, ಅಷ್ಟು ಹೊತ್ತು ತಡೆದಿಟ್ಟ ಕೆಮ್ಮು ಬಂತು. ಈ ಸಲ ತಡೆಯಲಿಲ್ಲ.